ತಾಯಿಗೆ ನಂಬರು, ಕೂಸಿಗೆ ಸೊನ್ನೆ

ಮಲಪ್ರಭೆಯ ದಂಡೆಯಲ್ಲಿ ಒಂದು ಹಳೆಯ ಪಂಪ್‌ಹೌಸ್ ಇತ್ತು. ಪಂಪು ಎಂದೋ ಹೋಗಿತ್ತು, ಹೌಸು ಉಳಿದಿತ್ತು. ಅದರಲ್ಲಿ ಅಡಿವೆಪ್ಪ ಮಾಸ್ತರರು ಕಂಪ್ಯೂಟರ್ ಕಲಿಸುತ್ತಿದ್ದರು.

ಊರಿನವರು ಅದಕ್ಕೆ ಆಶ್ರಮ ಎಂದು ಹೆಸರಿಟ್ಟದ್ದು ಕುಚೋದ್ಯಕ್ಕೆ. ಬರಬರುತ್ತ ಕುಚೋದ್ಯ ಮರೆತುಹೋಗಿ ಹೆಸರು ಮಾತ್ರ ನಿಂತಿತು. ಕಾವಿ ಇರಲಿಲ್ಲ, ಜಟೆ ಇರಲಿಲ್ಲ. ಎರಡು ಹಳೆಯ ಕಂಪ್ಯೂಟರು, ಒಂದು ಒಲೆ, ಆರೇಳು ಶಿಷ್ಯರು ಇದ್ದರು.

ಆ ಆಶ್ರಮದ ಹಾದಿಯಲ್ಲಿ ಹನ್ನೊಂದು ವರ್ಷಗಳ ಮೇಲೆ, ಮೇ ತಿಂಗಳ ಒಂದು ಮಧ್ಯಾಹ್ನ, ನೀಲಗಂಗಾ ನಡೆದು ಬಂದಳು. ಒಂದು ಕಾಲಕ್ಕೆ ಅವಳೂ ಅಲ್ಲಿ ಮೂರು ವರ್ಷ ಕಲಿತವಳು. ಬರುವ ಧೈರ್ಯವಿರಲಿಲ್ಲ. ಜೊತೆಗೆ ಕಲಿತ ದಾವಲಸಾಬ ಫೋನ್ ಮಾಡಿದ್ದಕ್ಕೆ ಬಂದಳು.

ಪಂಪ್‌ಹೌಸಿನ ಗೋಡೆ ಬಿರುಕು ಬಿಟ್ಟಿದೆ, ಈ ಮಳೆಗಾಲ ದಾಟುವುದಿಲ್ಲ ಎಂದು ದಾವಲ ಹೇಳಿದ್ದ. ತನ್ನ ಪಾಠಶಾಲೆಯಲ್ಲಿ ಮಾಸ್ತರರಿಗೆಂದು ಒಂದು ಕೋಣೆಗೆ ಸುಣ್ಣ ಹೊಡೆಸಿಟ್ಟಿದ್ದಾನಂತೆ. ಎಷ್ಟು ಕರೆದರೂ ಅವರು ಜಪ್ಪಯ್ಯ ಎನ್ನುತ್ತಿಲ್ಲವಂತೆ.

"ಗೋಡಿ ಮ್ಯಾಲ ಇನ್ನೂ ಒಂದ್ ನಂಬರ್ ಉಳದೈತಿ, ನೀಲಾ. ಅದನ್ನ ಅಳಸೂ ತನಕ ಏಳಂಗಿಲ್ಲ ಅಂತಾರ."

ಯಾರ ನಂಬರು ಎಂದು ಅವನು ಹೇಳಲಿಲ್ಲ, ಅವಳು ಕೇಳಲಿಲ್ಲ. ಇಬ್ಬರಿಗೂ ಗೊತ್ತಿತ್ತು.

ನಡೆಯುತ್ತ ನಡೆಯುತ್ತ ಅವಳಿಗೆ ಹಳೆಯದೆಲ್ಲ ನೆನಪಾಯಿತು. ದಂಡೆಯ ಜಾಲಿ ಗಿಡಗಳು ಹಾಗೇ ಇದ್ದವು. ಬಟ್ಟೆ ಒಗೆಯುವ ಕಲ್ಲೂ ಅಲ್ಲೇ ಇತ್ತು. ಅದರ ಮೇಲೆ ಕೂತೇ ಅವಳು ಮೊದಲ ಪಾಠ ಕೇಳಿದ್ದು.

ಕಂಪ್ಯೂಟರಿನ ಒಳಗೆ ಒಬ್ಬ ಯಜಮಾನ ಇರುತ್ತಾನೆ, ಅವನಿಗೆ ಕರ್ನಲ್ ಅನ್ನುತ್ತಾರೆ ಎಂದು ಮಾಸ್ತರರು ಅಂದು ಹೇಳಿದ್ದರು. ಓಡುತ್ತಿರುವ ಒಂದೊಂದು ಪ್ರೋಗ್ರಾಮೂ ಒಂದೊಂದು ಪ್ರೊಸೆಸ್, ಅಂದರೆ ಒಂದೊಂದು ಸಂಸಾರ. ಯಾರಿಗೆ ಎಷ್ಟು ಜಾಗ, ಯಾರಿಗೆ ಎಷ್ಟು ಹೊತ್ತು ಎಂದು ಹಂಚಿಕೊಡುವವನು ಆ ಯಜಮಾನ.

ಹೊಸ ಸಂಸಾರ ಎಲ್ಲಿಂದ ಬರುತ್ತದೆ ಎಂದು ಅವಳು ಕೇಳಿದ್ದಳು.

ಮಾಸ್ತರರು ಎರಡು ಹಾಳೆ ತೆಗೆದುಕೊಂಡು ನಡುವೆ ಕಾರ್ಬನ್ ಕಾಗದ ಇಟ್ಟರು. ಮೇಲಿನ ಹಾಳೆಯ ಮೇಲೆ ನಾಲ್ಕು ಸಾಲು ಬರೆದರು. ಕೆಳಗೂ ಅದೇ ನಾಲ್ಕು ಸಾಲು ಮೂಡಿದವು. ಆಮೇಲೆ ಕಾರ್ಬನ್ ಎಳೆದು ಪಕ್ಕಕ್ಕಿಟ್ಟರು.

"ಇದಕ್ಕ ಕವಲು ಒಡಿಯೋದು ಅಂತಾರ. ತಾಯಿ ಪ್ರೊಸೆಸ್ ಬೇಡತದ, ಯಜಮಾನ ಅದರ ನಕಲು ತಗದು ಕೂಸು ಮಾಡತಾನ. ಈಗ ಇವೆರಡರಾಗ ಫರಕು ಏನೈತಿ ಹೇಳು?"

ಏನೂ ಇಲ್ಲ ಎಂದಳು.

"ಹಂಗಾದ್ರ ತಾನು ತಾಯಿ, ತಾನು ಕೂಸು ಅಂತ ಅವಕ್ಕ ಹೆಂಗ ತಿಳೀಬೇಕು?"

ಅವಳು ಎರಡೂ ಹಾಳೆ ತಿರುವಿ ತಿರುವಿ ನೋಡಿದಳು. ಮಾಸ್ತರರು ಮೇಲಿನ ಹಾಳೆಯ ಕೊನೆಗೆ ಹನ್ನೆರಡು ಎಂದು ಬರೆದರು, ಕೆಳಗಿನದರ ಕೊನೆಗೆ ಸೊನ್ನೆ ಸುತ್ತಿದರು. ಬೇಡಿದ್ದು ಒಂದು ಸಲ, ಉತ್ತರ ಬರುವುದು ಎರಡು ಕಡೆ ಎಂದರು. ತಾಯಿಯ ಕೈಗೆ ಕೂಸಿನ ನಂಬರು ಬರುತ್ತದೆ, ಕೂಸಿನ ಕೈಗೆ ಸೊನ್ನೆ ಬರುತ್ತದೆ.

ನೀಲಗಂಗಾಗೆ ಸಿಟ್ಟು ಬಂತು. ಅವಳು ಆಗ ಇಪ್ಪತ್ತರ ಹುಡುಗಿ, ಮೂಗಿನ ತುದಿಯಲ್ಲೇ ಸಿಟ್ಟು.

"ಇದ್ಯಾವ ನ್ಯಾಯರೀ ಮಾಸ್ತರ? ತಾಯಿಗೆ ನಂಬರ್ ಕೊಟ್ಟು ಕೂಸಿಗೆ ಬರೇ ಸೊನ್ನಿ ಯಾಕ?"

ಮಾಸ್ತರರು ನಕ್ಕು ಹಾಳೆ ಮಡಚಿದರು. ಇನ್ನೊಂದು ದಿನ ಹೇಳುತ್ತೇನೆ ಎಂದರು. ಆ ಇನ್ನೊಂದು ದಿನ ಬರಲೇ ಇಲ್ಲ.

ಥ್ರೆಡ್ಡಿಗೆ ಮಾಸ್ತರರು ಎಳೆ ಎನ್ನುತ್ತಿದ್ದರು. ಆ ಎಳೆಯ ಪಾಠ ಮಾತ್ರ ಅಡುಗೆಯ ಒಲೆಯ ಮುಂದೆ ಆಯಿತು. ಅಂದು ಅಡುಗೆ ಅವಳದೂ ದಾವಲನದೂ ಪಾಳಿ. ಅವಳು ಬೇಳೆಗೆ ಉಪ್ಪು ಹಾಕಿ ರೊಟ್ಟಿ ತಟ್ಟಲು ಕೂತಳು. ದಾವಲ ನೀರು ತಂದವನು, ಇನ್ನೂ ಹಾಕಿಲ್ಲವೆಂದು ತಿಳಿದು ತಾನೂ ಒಂದು ಹಿಡಿ ಹಾಕಿದ. ಮಾಸ್ತರರು ಒಂದು ಬಟ್ಟಲು ಉಂಡು, ಎರಡು ಚೊಂಬು ನೀರು ಕುಡಿದರು.

ಆಮೇಲೆ ಇಬ್ಬರನ್ನೂ ಕೂರಿಸಿಕೊಂಡು ಹೇಳಿದರು. ಕವಲು ಒಡೆದರೆ ಕೂಸು ಬೇರೆ ಒಲೆ ಹೂಡುತ್ತದೆ, ಅದರ ಉಪ್ಪು ಅದಕ್ಕೆ. ಎಳೆ ಎಂದರೆ ಹಾಗಲ್ಲ. ಒಂದೇ ಸಂಸಾರ, ಒಂದೇ ಒಲೆ, ಒಂದೇ ಗಡಿಗೆ, ಕೈ ಮಾತ್ರ ಎರಡು ಜೋಡಿ. ಎಳೆ ಹುಟ್ಟಿಸಲು ಯಜಮಾನನಿಗೆ ಖರ್ಚು ಕಡಿಮೆ, ಆದರೆ ಒಂದರ ಕೆಲಸವನ್ನು ಇನ್ನೊಂದು ಕೆಡಿಸದಂತೆ ಕಾಯುವುದು ಕಷ್ಟ.

ಹಾಗಾದರೆ ಏನು ಮಾಡಬೇಕು ಎಂದು ದಾವಲ ತಲೆ ಕೆರೆದುಕೊಂಡು ಕೇಳಿದ.

ಮಾಸ್ತರರು ಸೌಟು ಅವನ ಕೈಗೆ ಕೊಟ್ಟರು. "ಸೌಟು ಯಾರ ಕೈಯಾಗ ಇರತದ, ಅವರಷ್ಟ ಉಪ್ಪು ಹಾಕಬೇಕು. ಉಳದವರು ಕಾಯಬೇಕು."

ಅಂದಿನಿಂದ ಆ ಆಶ್ರಮದಲ್ಲಿ ಸೌಟು ಹಿಡಿಯದೆ ಯಾರೂ ಉಪ್ಪಿನ ಡಬ್ಬಿ ಮುಟ್ಟಲಿಲ್ಲ. ಈಗಲೂ ನೀಲಗಂಗಾ ಒಬ್ಬಳೇ ಅಡುಗೆ ಮಾಡುವಾಗ ಎಡಗೈಯಲ್ಲಿ ಸೌಟು ಹಿಡಿದೇ ಉಪ್ಪು ಹಾಕುತ್ತಾಳೆ. ನೆನಪಾಗಿ ಅವಳಿಗೆ ಹಾದಿಯಲ್ಲೇ ನಗು ಬಂತು.

ಮೂರು ವರ್ಷ ಕಲಿತ ಶಿಷ್ಯರನ್ನು ಮಾಸ್ತರರು ಇಟ್ಟುಕೊಳ್ಳುತ್ತಿರಲಿಲ್ಲ. ಒಂದೂರಿಗೆ ಹೋಗಿ ಒಂದು ತಂಡಕ್ಕೆ ಕಲಿಸು ಎಂದು ಕಳಿಸುತ್ತಿದ್ದರು. ಆ ತಂಡ ಒಂದು ಪುಟ್ಟ ಕರ್ನಲ್ಲನ್ನು ಕೈಯಾರೆ ಬರೆದು, ಅದರಲ್ಲಿ ಒಂದು ಕೂಸು ಪ್ರೊಸೆಸ್ ಹುಟ್ಟಿದ ದಿನ ಕೊಟ್ಟ ಕೆಲಸ ಮುಗಿಯಿತು. ಆಗ ಬಂದು ಹೇಳಬೇಕು.

ಹೊರಡುವ ದಿನ ಮಾಸ್ತರರು ಗೋಡೆಯ ಮೇಲೆ ಇದ್ದಲಿನಿಂದ ಶಿಷ್ಯನ ನಂಬರು ಬರೆಯುತ್ತಿದ್ದರು. ಶಿಷ್ಯನ ಕೈಗೆ ಒಂದು ಚೀಟಿ ಕೊಡುತ್ತಿದ್ದರು. ಅದರಲ್ಲಿ ಸೊನ್ನೆ ಇರುತ್ತಿತ್ತು. ಕೆಲಸ ಮುಗಿಸಿ ಬಂದು ಹೇಳಿದಾಗ ಒದ್ದೆ ಬಟ್ಟೆಯಿಂದ ನಂಬರು ಒರೆಸುತ್ತಿದ್ದರು. ಅದು ಅಲ್ಲಿನ ಪದ್ಧತಿ.

ನೀಲಗಂಗಾ ಹೊರಡುವ ಮುಂಚೆ ಹದಿನೈದು ದಿನ ಹಗಲೆಲ್ಲ ಕೂತು ಮಾಸ್ತರರ ವಹಿಗಳನ್ನು ನಕಲು ಮಾಡಿದ್ದಳು. ಒಟ್ಟು ಹದಿನಾಲ್ಕು ವಹಿ. ಮೂರನೆಯದು ಮುಗಿಯುವಷ್ಟರಲ್ಲಿ ಬೆರಳು ಬಾತುಕೊಂಡವು. ಮಾಸ್ತರರು ಬಂದು ಪೆನ್ನು ಕಸಿದುಕೊಂಡರು.

ಎಲ್ಲ ನಕಲು ಮಾಡುವ ಹುಚ್ಚು ಯಜಮಾನನಿಗೂ ಇಲ್ಲ ಎಂದು ಬೈದರು. ಕೂಸು ಹುಟ್ಟಿದಾಗ ತಾಯಿಯ ಹಾಳೆಗಳನ್ನೇ ಅದಕ್ಕೂ ತೋರಿಸುತ್ತಾನೆ. ಇಬ್ಬರೂ ಅದನ್ನೇ ಓದುತ್ತಿರುತ್ತಾರೆ. ಯಾರಾದರೂ ಒಂದು ಹಾಳೆ ತಿದ್ದಲು ಹೊರಟರೆ, ಆಗ ಆ ಒಂದು ಹಾಳೆಯ ನಕಲು ಮಾಡಿಕೊಡುತ್ತಾನೆ.

"ನನ್ನ ವಹಿ ಇಲ್ಲೇ ಇರತಾವ, ತಂಗಿ. ಯಾವ ಹಾಳಿ ತಿದ್ದಬೇಕು ಅನಸ್ತದ, ಅದನ್ನಷ್ಟ ಬರಕೊ."

ಹಾಗಾಗಿ ಅವಳು ನಕಲು ಮಾಡಿದ ಮೂರು ವಹಿಯನ್ನೂ ಅಲ್ಲೇ ಬಿಟ್ಟು, ಸೊನ್ನೆಯ ಚೀಟಿಯೊಂದನ್ನೇ ಹಿಡಿದು ಹೊರಟಳು. ಗೋಡೆಯ ಮೇಲೆ ಹದಿನೇಳು ಎಂದು ಬಿತ್ತು.

ಮೊದಲು ಪತ್ರ ಬರೆಯುತ್ತಿದ್ದಳು. ಇಂಥ ಹಾಳೆ ಬೇಕು, ನನ್ನ ಹುಡುಗರಿಗೆ ಇದು ತಿಳಿಯುತ್ತಿಲ್ಲ, ಬೇರೆ ರೀತಿ ಬರೆಯುತ್ತೇನೆ ಎಂದು. ಮಾಸ್ತರರು ಆ ಹಾಳೆಯನ್ನು ತಮ್ಮ ಕೈಯಲ್ಲೇ ಬರೆದು ಕಳಿಸುತ್ತಿದ್ದರು. ನಾಲ್ಕನೇ ವರ್ಷ ತಂಡ ಒಡೆಯಿತು. ಏಳು ಜನರಲ್ಲಿ ಇಬ್ಬರಿಗೆ ಮದುವೆ, ಮೂವರಿಗೆ ಬೇರೆ ಓದು, ಉಳಿದಿಬ್ಬರಿಗೆ ಬೇಸರ. ಕರ್ನಲ್ ಅರ್ಧಕ್ಕೆ ನಿಂತಿತು. ಒಂದೇ ಒಂದು ಕೂಸೂ ಹುಟ್ಟಲಿಲ್ಲ.

ನೀಲಗಂಗಾ ಪಾಠದ ಕೋಣೆಗೆ ಬೀಗ ಹಾಕಿ, ದೂರದ ಊರಿನ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರಾದಳು. ಮಾಸ್ತರರಿಗೆ ಮಾತ್ರ ಬರೆಯಲಿಲ್ಲ. ಯಾವ ಮುಖ ಇಟ್ಟುಕೊಂಡು ಬರೆಯುವುದು? ಇವತ್ತು ನಾಳೆ ಎನ್ನುತ್ತ ಏಳು ವರ್ಷ ಕಳೆದವು.

ಪಂಪ್‌ಹೌಸಿನ ಬಾಗಿಲು ತೆರೆದೇ ಇತ್ತು. ಬಿರುಕು ಮಾಡಿನಿಂದ ನೆಲದ ತನಕ ಇಳಿದಿತ್ತು, ಕೈ ತೂರುವಷ್ಟು ಅಗಲ. ಅದರ ಪಕ್ಕದ ಗೋಡೆಯ ಮೇಲೆ ಒರೆಸಿದ ಕಲೆಗಳು, ಸಾಲಾಗಿ. ನಡುವೆ ಇದ್ದಲಿನ ಹದಿನೇಳು. ಇದ್ದಲು ಮಾಸಿದಾಗಲೆಲ್ಲ ಯಾರೋ ಅದನ್ನು ತಿದ್ದಿ ತಿದ್ದಿ ಕಪ್ಪು ಮಾಡಿದ್ದರು.

ಮಾಸ್ತರರು ಚಾಪೆಯ ಮೇಲೆ ಕೂತಿದ್ದರು. ತುಂಬ ಸಣ್ಣಗಾಗಿದ್ದರು. ಹಣೆಗೆ ಕೈ ಅಡ್ಡ ಹಿಡಿದು ನೋಡಿದರು.

"ಯಾರವ್ವಾ?"

ಅವಳು ಹೆಸರು ಹೇಳುವ ಬದಲು ಚೀಲದಿಂದ ಸೊನ್ನೆಯ ಚೀಟಿ ತೆಗೆದು ಮುಂದೆ ಹಿಡಿದಳು. ಮಡಿಕೆಗಳಲ್ಲಿ ಹರಿದು ನಾಲ್ಕು ತುಂಡಾಗಿದ್ದ ಚೀಟಿಗೆ ಟೇಪು ಹಚ್ಚಿದ್ದಳು.

ಮಾಸ್ತರರು ಚೀಟಿ ನೋಡಿದರು, ಗೋಡೆ ನೋಡಿದರು.

"ನೀಲಾ. ಉಂಡಿಯೇನು?"

ಅಷ್ಟಕ್ಕೇ ಅವಳ ಕಣ್ಣು ತುಂಬಿದವು. ಉಂಡಿಲ್ಲ ಎಂದಳು, ಅಲ್ಲೇ ಕುಸಿದು ಕೂತಳು. ತನ್ನನ್ನು ಕ್ಷಮಿಸಬೇಕು ಎಂದಳು. ತಾನು ಅಂತರಪಿಶಾಚಿಯಾಗಿದ್ದೆ ಎಂದಳು.

ಅಂತರಪಿಶಾಚಿ ಎಂಬುದು ಮಾಸ್ತರರ ಪಾಠದ ಮಾತೇ. ಓಟ ಮುಗಿದು, ಜಾಗವನ್ನೂ ಬಿಟ್ಟುಕೊಟ್ಟು, ಆದರೂ ಯಜಮಾನನ ಪಟ್ಟಿಯಲ್ಲಿ ನಂಬರು ಉಳಿಸಿಕೊಂಡ ಪ್ರೊಸೆಸ್ಸಿಗೆ ಅವರು ಇಟ್ಟ ಹೆಸರು. ಸತ್ತದ್ದೂ ಅಲ್ಲ, ಬದುಕಿದ್ದೂ ಅಲ್ಲ.

ಮಾಸ್ತರರು ಗೋಡೆಯ ಗೂಡಿನ ಕಡೆ ಕೈ ತೋರಿಸಿ, ಒಂಬತ್ತನೇ ವಹಿ ತರಲು ಹೇಳಿದರು. ಅವಳು ತಂದಳು. ಅಂತರಪಿಶಾಚಿಯ ಹಾಳೆ ತೆಗೆದು ದೊಡ್ಡದಾಗಿ ಓದು ಎಂದರು.

ಅವಳು ಓದಿದಳು. "ಮುಗಿದ ಕೂಸು ತನ್ನ ಕೊನೆಯ ಮಾತನ್ನು ಯಜಮಾನನ ಕೈಯಲ್ಲಿಟ್ಟು ಹೋಗುತ್ತದೆ. ತಾಯಿ ಕಾದು ಕೇಳಿದರೆ ಆ ಮಾತು ಅವಳಿಗೆ ಸಿಗುತ್ತದೆ, ನಂಬರು ಅಳಿಯುತ್ತದೆ. ಕೇಳದೆ ಹೋದರೆ ಕೂಸು ಅಂತರಪಿಶಾಚಿಯಾಗಿ ಉಳಿಯುತ್ತದೆ."

"ತಪ್ಪು ಯಾರದು ಅಂತ ಬರದೈತಿ?"

ನೀಲಗಂಗಾ ಕೆಳಗಿನ ಸಾಲು ನೋಡಿದಳು. ಅದನ್ನು ಓದಲು ಅವಳಿಗೆ ಮನಸ್ಸಾಗಲಿಲ್ಲ. ಮಾಸ್ತರರು ಬಿಡಲಿಲ್ಲ, ಅವಳು ಓದಿದಳು.

"ತಪ್ಪು ಕೂಸಿನದಲ್ಲ. ಕೇಳದ ತಾಯಿಯದು."

ಹೊಳೆಯಲ್ಲಿ ಯಾರೋ ಎಮ್ಮೆ ತೊಳೆಯುವ ಸದ್ದು ಕೇಳುತ್ತಿತ್ತು.

ಪತ್ರ ನಿಂತಾಗಲೇ ತಮಗೆ ತಿಳಿದಿತ್ತು ಎಂದು ಮಾಸ್ತರರು ಹೇಳಿದರು. ಒಂದು ಕಾರ್ಡು ಬರೆದು ಕೇಳಬಹುದಿತ್ತು. ಕೇಳಿದರೆ ಹುಡುಗಿಗೆ ನೋವಾದೀತು, ತಾನಾಗಿ ಬರಲಿ ಎಂದು ಕೂತೆ ಎಂದರು. ಅದು ದೊಡ್ಡತನವೆಂದು ತಾವು ತಿಳಿದದ್ದು, ಬರೀ ಹಟವಾಗಿತ್ತು ಎಂದರು. ಏಳು ವರ್ಷ ನಂಬರು ತಿದ್ದುತ್ತ ಕೂತರೇ ಹೊರತು ಕೇಳಲಿಲ್ಲ.

"ಈಗ ಕೇಳತೀನಿ, ನೀಲಾ. ಹೆಂಗಾತು?"

ಅವಳು ಎಲ್ಲ ಹೇಳಿದಳು. ಏಳು ಜನರ ಹೆಸರು ಹೇಳಿದಳು, ಯಾರು ಯಾವಾಗ ಬಿಟ್ಟರು ಎಂದು ಹೇಳಿದಳು. ಕರ್ನಲ್ ಯಾವ ಸಾಲಿಗೆ ನಿಂತಿತು ಎಂಬುದು ಕೂಡ ಅವಳಿಗೆ ಬಾಯಿಪಾಠವಿತ್ತು.

"ಕೂಸು ಹುಟ್ಟಲಿಲ್ಲರೀ ಮಾಸ್ತರ. ನನ್ನ ಕೈಲೆ ಆಗಲಿಲ್ಲ," ಎಂದು ಮುಗಿಸಿದಳು.

"ಆತು. ಕೇಳಿದೆ."

ಬೈಗುಳವಿಲ್ಲ, ಸಮಾಧಾನವೂ ಇಲ್ಲ. ಅವರು ಗೋಡೆ ಹಿಡಿದು ಎದ್ದರು. ಚೊಂಬಿನ ನೀರಿನಲ್ಲಿ ಬಟ್ಟೆ ಅದ್ದಿ ಹದಿನೇಳನ್ನು ಒರೆಸಿದರು. ಏಳು ವರ್ಷ ತಿದ್ದಿದ ಇದ್ದಲು, ಒಂದೇ ಸಲಕ್ಕೆ ಹೋಗಲಿಲ್ಲ. ನೀಲಗಂಗಾ ಎದ್ದು ಬಟ್ಟೆಗೆ ಕೈ ಹಾಕಿದಳು. ಇಬ್ಬರೂ ಸೇರಿ ಒರೆಸಿದರು.

ದಾವಲನ ಆಟೋ ದಂಡೆಯ ಮೇಲೆ ಬಂದು ನಿಂತದ್ದು ಕೇಳಿಸಿತು. ಮಾಸ್ತರರು ತಮ್ಮ ಕೋಲು ಹುಡುಕಿದರು. ವಹಿಗಳನ್ನು ಬಟ್ಟೆಯಲ್ಲಿ ಕಟ್ಟು, ಕಂಪ್ಯೂಟರು ದಾವಲ ನೋಡಿಕೊಳ್ಳುತ್ತಾನೆ, ಸೌಟು ಮರೆಯಬೇಡ ಎಂದರು.

ಗಂಟು ಕಟ್ಟುತ್ತಿದ್ದ ನೀಲಗಂಗಾಳ ಕಣ್ಣಿಗೆ ಚಾಪೆಯ ಮೇಲೆ ಬಿದ್ದಿದ್ದ ಚೀಟಿ ಕಂಡಿತು. ಅವಳಿಗೆ ಆ ಹಳೆಯ ಪ್ರಶ್ನೆ ನೆನಪಾಯಿತು.

"ಮಾಸ್ತರ, ಅವತ್ತ ಕೇಳಿದ್ನಲ್ಲ, ನೀವು ಹೇಳಲಿಲ್ಲ. ತಾಯಿಗೆ ನಂಬರ್ ಕೊಟ್ಟು ಕೂಸಿಗೆ ಸೊನ್ನಿ ಯಾಕ ಕೊಡತಾರ?"

ಮಾಸ್ತರರು ಹೊಸ್ತಿಲ ಮೇಲೆ ನಿಂತು ತಿರುಗಿದರು.

"ತಾಯಿಗೆ ಕೂಸು ಹತ್ತಾರು, ನಂಬರ್ ಇಲ್ಲದ ಹೆಂಗ ಹುಡುಕಬೇಕು? ಕೂಸಿಗೆ ಅದರ ಗರಜು ಇಲ್ಲವ್ವಾ. ನಾ ಎಲ್ಲಿರತೀನಿ ಅಂತ ನಿನಗ ಯಾವತ್ತೂ ಗೊತ್ತಿತ್ತಲ್ಲ."