ದುಂಡಪ್ಪನ ಕೊರಳ ಹಾರ

ಮಕ್ಕಳೇ, ಬಿದಿರುಕಾಡಿನ ನಡುವೆ ಒಂದು ತಾವರೆ ಕೊಳ. ಅದರ ಕೆಸರಿನಲ್ಲಿ ದುಂಡಪ್ಪನೆಂಬ ಕೋಣ ಬಿದ್ದುಕೊಂಡಿರುತ್ತಿದ್ದ. ಆಳೇನೋ ಗುಡ್ಡದಷ್ಟು. ಹೊಟ್ಟೆ ತುಂಬಿದರೆ ಸಾಕು, ಕೂತಲ್ಲೇ ಗೊರಕೆ.

ಒಂದು ಮಧ್ಯಾಹ್ನ ಮೂರು ದರೋಡೆಕೋರ ನರಿಗಳು ಬಂದು ಮಲಗಿದ್ದವನ ಕೊಂಬಿಗೆ ಬಳ್ಳಿ ಬಿಗಿದವು. ದೋಚಿದ ಮಾಲು ಹೊರಲು ಅವಕ್ಕೊಂದು ಆಳು ಬೇಕಿತ್ತು. ಒಮ್ಮೆ ತಲೆ ಕೊಡವಿದ್ದರೆ ಮೂರೂ ಓಡಿಹೋಗುತ್ತಿದ್ದವು. ಹೆದರಿಕೆಯಲ್ಲಿ ದುಂಡಪ್ಪನಿಗೆ ಅದು ಹೊಳೆಯಲೇ ಇಲ್ಲ. ಬಾಲ ಮುದುರಿಕೊಂಡು ಹಿಂದೆ ನಡೆದ.

ನರಿಗಳು ದಾರಿಪಕ್ಕದ ಪೊದೆಯಲ್ಲಿ ಹೊಂಚು ಹಾಕಿದವು. ಅಲ್ಲೇ ಕಟ್ಟಿಹಾಕಿದ್ದ ದುಂಡಪ್ಪ ಮೆಲುಕು ಹಾಕುತ್ತಲೇ ನಿದ್ದೆಹೋದ. ಅವನ ಗೊರಕೆಗೆ ಪೊದೆಯೆಲ್ಲ ಅಲುಗಿತು. ದಾರಿಹೋಕರು ಬಂದ ದಾರಿಯಲ್ಲೇ ಓಡಿದರು. ಮೂರು ದಿನ ಹೀಗೇ ಆಯಿತು.

ನಾಲ್ಕನೆಯ ದಿನ ಹಸಿದು ಸುಸ್ತಾದ ಮುಖ್ಯ ನರಿ ಬಳ್ಳಿ ಬಿಚ್ಚಿ ಕೈಮುಗಿಯಿತು. "ನಿನ್ನ ದಮ್ಮಯ್ಯ ಮಾರಾಯ, ಮನೆಗೆ ಹೋಗು."

"ದಾರಿ ಗೊತ್ತಿಲ್ಲವಲ್ಲ," ಎಂದ ದುಂಡಪ್ಪ.

ನರಿಗಳೇ ಕೊಳದ ತಿರುವಿನವರೆಗೆ ಬಿಟ್ಟುಬಂದವು.

ಕೊಳದವರೆಲ್ಲ ಕಾಯುತ್ತಿದ್ದರು. "ಹೇಗಪ್ಪ ತಪ್ಪಿಸಿಕೊಂಡೆ?" ಎಂದಳು ಆಮೆಜ್ಜಿ.

ನಡೆದದ್ದನ್ನು ಹೇಳಲು ದುಂಡಪ್ಪನಿಗೆ ನಾಚಿಕೆಯಾಯಿತು. "ಒಂದನ್ನು ಕೊಂಬಿನಿಂದ ಎತ್ತಿ ಎಸೆದೆ. ಉಳಿದವು ನನ್ನ ಕಾಲಿಗೆ ಬಿದ್ದವು," ಎಂದುಬಿಟ್ಟ.

ಆಮೆಜ್ಜಿ ಬಂಡೆ ಹತ್ತಿ, ಮಂಡಿಯೂರಿದ ಅವನ ಕೊರಳಿಗೆ ತಾವರೆ ಹಾರ ಹಾಕಿದಳು. "ಇವತ್ತಿಂದ ನೀನೇ ಕೊಳದ ಕಾವಲುಗಾರ. ನಮ್ಮ ಮರಿಗಳೆಲ್ಲ ನಿನ್ನ ಜವಾಬ್ದಾರಿ."

ನಿಜ ಹೇಳಲು ಇನ್ನೂ ಹೊತ್ತಿತ್ತು. ಆದರೂ ದುಂಡಪ್ಪ ಹೂಂ ಎಂದು ತಲೆಯಾಡಿಸಿದ.

ಅಷ್ಟರಲ್ಲಿ ಒಂದು ತಾಯಿ ಮೊಲ ಮೂರು ಮರಿಗಳೊಂದಿಗೆ, ಬಾಯಲ್ಲಿ ನೆಲ್ಲಿಕಾಯಿ ಕಚ್ಚಿಕೊಂಡು ಬಂದಿತು. ಅದನ್ನು ದುಂಡಪ್ಪನ ಮುಂದಿಟ್ಟು ಹೇಳಿತು: "ಅಣ್ಣಾ, ಮೊನ್ನೆ ಮರಿಗಳ ಜೊತೆ ಆ ದಾರೀಲಿ ಬರ್ತಿದ್ದೆ. ನಿಮ್ಮ ಗೊರಕೆ ಕೇಳಿ ಹಿಂದಕ್ಕೆ ಓಡಿದೆ. ಇಲ್ಲದಿದ್ರೆ ನಾಲ್ವರೂ ನರಿ ಬಾಯಿಗೆ ಬೀಳ್ತಿದ್ವಿ. ಇವತ್ತು ಅವು ನಿಮಗೆ ಕೈಮುಗಿದು ಮನೆಗೆ ಕಳಿಸಿದ್ದನ್ನೂ ಮರೆಯಿಂದ ನೋಡಿದೆ. ಗೊರಕೆ ತಡೆಯೋಕಾಗಲ್ಲ ಅಂತಿದ್ವು, ಪಾಪ."

ಯಾರೂ ನಗಲಿಲ್ಲ. ನಕ್ಕಿದ್ದರೆ ದುಂಡಪ್ಪನಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

"ಇದನ್ನೇ ಹೇಳಿದ್ರೂ ಹಾರ ಹಾಕ್ತಿದ್ದೆನಲ್ಲ, ಮಗಾ," ಎಂದಳು ಆಮೆಜ್ಜಿ ಮೆಲ್ಲಗೆ.

"ಕಾವಲಿಗೆ ಬೇರೆ ಯಾರನ್ನಾದ್ರೂ ನೋಡಜ್ಜಿ. ನಾನು ಮಲಗಿಬಿಡ್ತೀನಿ," ಎಂದ ದುಂಡಪ್ಪ. ಅವನು ತಲೆ ತಗ್ಗಿಸಿದಾಗ ಹಾರ ತಾನಾಗಿಯೇ ಜಾರಿ ಕೆಳಗೆ ಬಿತ್ತು. ನೆಲ್ಲಿಕಾಯಿಯನ್ನೂ ಮುಟ್ಟದೆ, ಕಣ್ಣು ಮುಳುಗುವವರೆಗೆ ಕೆಸರಿಗಿಳಿದ. ಅಂದು ಅವನಿಗೆ ನಿದ್ದೆ ಬರಲಿಲ್ಲ.

ನೀತಿ: ಸುಳ್ಳು ಹೇಳಿ ಹೊಗಳಿಸಿಕೊಂಡವನು, ನಿಜಕ್ಕೆ ಸಿಗಬೇಕಿದ್ದ ಹೊಗಳಿಕೆಯನ್ನೂ ಕಳೆದುಕೊಳ್ಳುತ್ತಾನೆ.