ತೊಳೆದು ಬಂದ ಕಾಲು

"ಸ್ವಾಮಿ, ನಾನು ಮೊಣಕಾಲೂರುವ ಹೊತ್ತಿಗೇ ಯಾರಾದರೂ ಬಂದು ಬಾಗಿಲು ತಟ್ಟುತ್ತಾರೆ. ಪ್ರಾರ್ಥನೆ ಮುಗಿಸಿ ಏಳಲೇ, ಅರ್ಧಕ್ಕೆ ಬಿಟ್ಟು ಏಳಲೇ?"

ಕೇಳಿದವನು ಇನ್ನಾಸಪ್ಪ, ಊರೂರಿಗೆ ಹೋಗಿ ಜಪ ಕಲಿಸುವ ಉಪದೇಶಿ. ಕೇಳಿದ್ದು ತನ್ನ ಗುರುಗಳಾದ ಮುದಿ ಪಾದ್ರಿ ಚೌರಪ್ಪ ಸ್ವಾಮಿಗಳನ್ನು. ಅವರು, "ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ" ಎಂದರು.

ಒಂದೂರಿನಲ್ಲಿ ಒಬ್ಬ ಇಟ್ಟಿಗೆ ಕೆಲಸದವನಿದ್ದ. ಬುದ್ಧಿ ಬಂದಾಗಿನಿಂದ ಮಣ್ಣು ತುಳಿದವನು. ಅವನ ಕಾಲೋ, ಬೇಸಗೆಯ ಕೆರೆಯ ಹಾಗೆ, ಬರೀ ಬಿರುಕು. "ಕೈ ಕೆಸರಾದರೆ ಬಾಯಿ ಮೊಸರಂತೆ. ನಿನಗೆ ಕಾಲು ಕೆಸರಾಗಿ ಬಾಯಿಗೂ ಕೆಸರೇ ಬಂತಲ್ಲೋ" ಎಂದು ಊರವರು ಗೇಲಿ ಮಾಡುತ್ತಿದ್ದರು. ಅವನೂ ಜೊತೆಗೆ ನಗುತ್ತಿದ್ದ. ಒಳಗೊಳಗೆ ನಾಚುತ್ತಿದ್ದ.

ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದದ್ದನ್ನು ನೆನೆದು ಪವಿತ್ರ ಗುರುವಾರ ಪಾದ್ರಿ ಊರಿನ ಹನ್ನೆರಡು ಜನರ ಕಾಲು ತೊಳೆಯುತ್ತಾರಲ್ಲ, ಇಪ್ಪತ್ತು ವರ್ಷ ಕಾದ ಮೇಲೆ ಆ ಹನ್ನೆರಡರಲ್ಲಿ ಅವನ ಹೆಸರೂ ಬಂತು. ಬಂದದ್ದೇ ತಡ, ನೆಮ್ಮದಿ ಹೋಯಿತು. ಈ ಕಾಲನ್ನು ಪಾದ್ರಿಯ ಕೈಗೆ ಕೊಡುವುದು ಹೇಗೆ? ನಮ್ಮ ಜನ ಗೊತ್ತಲ್ಲ, ತೊಳೆಸಿಕೊಳ್ಳುವುದಕ್ಕೂ ತೊಳೆದುಕೊಂಡೇ ಹೋಗುವವರು. ಇವನು ಒಂದು ವಾರ ಮಣ್ಣಿಗೇ ಇಳಿಯಲಿಲ್ಲ. ತೆಂಗಿನ ನಾರಿನಿಂದ ಉಜ್ಜಿದ, ಬಿರುಕಿಗೆ ಹರಳೆಣ್ಣೆ ತುಂಬಿದ, ಮತ್ತೆ ಉಜ್ಜಿದ. ಎಷ್ಟು ಉಜ್ಜಿದರೂ ಸಮಾಧಾನವಿಲ್ಲ.

ಗುರುವಾರ ಸಂಜೆ ಒಗೆದ ಪಂಚೆಯುಟ್ಟು ಹೊರಟ. ಹಾದಿಯಲ್ಲಿ ನೆರೆಮನೆಯ ವಿಧವೆ ಎದುರಾದಳು. ಹಿಂದಿನ ಮಳೆಗಾಲದಲ್ಲಿ ಅವಳ ಮನೆಯ ಗೋಡೆ ಬಿದ್ದಿತ್ತು. ಮಗಳನ್ನು ಕಟ್ಟಿಕೊಂಡು ಯಾರದೋ ಕೊಟ್ಟಿಗೆಯಲ್ಲಿ ಇದ್ದಳು. ಗೋಡೆಗೆಂದು ಒಬ್ಬಳೇ ತಿಂಗಳಿಡೀ ಮಣ್ಣು ತುಳಿದು ಅಚ್ಚು ಹಾಕಿದ ಹಸಿ ಇಟ್ಟಿಗೆ ಕೆರೆಯಂಗಳದಲ್ಲಿ ಒಣಗುತ್ತಿತ್ತು. ಇದು ಊರಿಗೆಲ್ಲ ಗೊತ್ತಿದ್ದ ಸಂಗತಿ. ಈಗ ಮೋಡ ಕವಿದಿತ್ತು.

"ಅಣ್ಣಾ, ಮಳೆ ಬರುವ ಹಾಗಿದೆ. ಇಟ್ಟಿಗೆಗೆ ಸೋಗೆ ಹೊದಿಸಬೇಕು, ನನ್ನೊಬ್ಬಳ ಕೈಲಾಗದು. ಒಂದು ಗಳಿಗೆ ಬಾ."

ಅವನು ಮೋಡ ನೋಡಿದ. ಕೆರೆಯಂಗಳದ ಜಿಗಿಮಣ್ಣು ನೋಡಿದ. ತನ್ನ ಕಾಲು ನೋಡಿದ.

"ಕಾಲು ತೊಳೆದಿದ್ದೇನೆ ತಂಗಿ. ಪೂಜೆ ಮುಗಿದ ಕೂಡಲೇ ಬಂದುಬಿಡುತ್ತೇನೆ."

ಹೋಗಿ ಹನ್ನೊಂದು ಜನರ ಸಾಲಿನ ಕೊನೆಗೆ ಕೂತ. ಕೂತನೇ ಹೊರತು ಮನಸ್ಸು ಕೂರಲಿಲ್ಲ. ಕಿಟಕಿ ನೋಡುವನು, ಪಾದ್ರಿ ಎಲ್ಲಿಗೆ ಬಂದರೆಂದು ನೋಡುವನು, ಮತ್ತೆ ಕಿಟಕಿ ನೋಡುವನು. ಪಾದ್ರಿ ಐದನೆಯವನ ಮುಂದೆ ಇದ್ದಾಗ ಹಂಚಿನ ಮೇಲೆ ಹನಿ ಬಿತ್ತು. ಈಗ ಓಡಿದರೆ ಅರ್ಧವಾದರೂ ಉಳಿದೀತು ಅನ್ನಿಸಿತು. ಆದರೆ ಇಷ್ಟು ಜನರ ನಡುವಿನಿಂದ ಏಳುವುದು ಹೇಗೆ? ಇನ್ನು ಮೂವರು, ಇನ್ನಿಬ್ಬರು ಎಂದುಕೊಂಡ. ಮಳೆ ಜೋರಾಯಿತು. ಪಾದ್ರಿ ಅವನ ಮುಂದೆ ಮೊಣಕಾಲೂರಿ, ಕಾಲು ಹಿಡಿದು ನೀರು ಹೊಯ್ದರು. ಬೋಗುಣಿಗೆ ಬಿದ್ದ ನೀರು ಹೊಯ್ಯುವಾಗ ಇದ್ದಷ್ಟೇ ತಿಳಿಯಾಗಿತ್ತು. ಇಪ್ಪತ್ತು ವರ್ಷ ಕಾದದ್ದು ಆ ಗಳಿಗೆಗೆ. ಅವನಿಗೆ ನೀರು ಬಿದ್ದದ್ದೂ ತಿಳಿಯಲಿಲ್ಲ.

ಪೂಜೆ ಮುಗಿದದ್ದೇ ಎದ್ದುಬಿದ್ದು ಓಡಿದ. ಮಳೆ ನಿಂತಿತ್ತು. ಇಟ್ಟಿಗೆ ಇದ್ದಲ್ಲಿ ಬರೀ ರಾಡಿ. ವಿಧವೆ ಸೀರೆ ಎತ್ತಿ ಕಟ್ಟಿ, ಆ ರಾಡಿಯನ್ನೇ ಬಳಿದು ಗುಡ್ಡೆ ಹಾಕಿ, ಮತ್ತೆ ತುಳಿಯುತ್ತಿದ್ದಳು. ಅವಳು ಬಾಯಿಗೆ ಬಂದಂತೆ ಬಯ್ಯಲಿ, ಅಷ್ಟಾದರೆ ಸಾಕು ಎಂದುಕೊಂಡು ಇವನು ಪಂಚೆ ಎತ್ತಿ ಇಳಿಯಹೋದ. ಅವಳು ಕೈ ಅಡ್ಡ ಹಿಡಿದಳು.

"ಬೇಡಣ್ಣ. ಸ್ವಾಮಿಯವರು ತೊಳೆದ ಕಾಲು, ಕೆಸರಾದೀತು."

ಕೊಂಕಿನಿಂದ ಅಂದ ಮಾತಲ್ಲ. ಅವಳು ಭಕ್ತಿಯಿಂದಲೇ ಅಂದಳು. ಅದಕ್ಕೇ ಅವನಿಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ. ದಡದಲ್ಲೇ ಕುಸಿದು ಕೂತು ಅತ್ತ.

ಸ್ವಾಮಿಗಳು ಅಲ್ಲಿಗೆ ನಿಲ್ಲಿಸಿದರು. ಇನ್ನಾಸಪ್ಪನಿಗೆ ಸುಮ್ಮನಿರಲಾಗಲಿಲ್ಲ.

"ಅವನೇನೋ ತಿಳಿಯದವನು ಸ್ವಾಮಿ. ಆ ಪಾದ್ರಿಗಾದರೂ ತಿಳಿಯಬೇಡವೇ? ಪೂಜೆ ನಿಲ್ಲಿಸಿ ಎಲ್ಲರನ್ನೂ ಕೆರೆಯಂಗಳಕ್ಕೆ ಕಳಿಸಬಹುದಿತ್ತಲ್ಲ?"

"ಕಳಿಸಬಹುದಿತ್ತು, ಅವನ ಕಾಲು ಹಿಡಿದು ಕೂತಿದ್ದ ನನಗೂ ಮಳೆಯ ಸದ್ದು ಕೇಳಿಸುತ್ತಿತ್ತು."