ಗೌಡರ ಓಲೆ ಎಂದು

“ಗುರುಗಳೇ, ಈ ಗಣಕಯಂತ್ರಕ್ಕೆ ಬುದ್ಧಿ ಇಲ್ಲವೋ, ನನ್ನ ಮೇಲೆ ಹಗೆಯೋ?” ಎಂದು ಶಿಷ್ಯೆ ಕೇಳಿದಳು.

ಅವಳಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಹೊರಗೆ ಜಗಲಿಯಲ್ಲಿ ತಾಯಿ ಕಾಯುತ್ತಿದ್ದಳು. ಆಕೆ ಅಕ್ಷರ ಕಲಿತದ್ದೇ ಹೋದ ವರ್ಷ. ಊರೆಲ್ಲ ಅವ್ವ ಎಂದೇ ಕರೆಯುವ ಆ ಮುದುಕಿಗೆ ಅವಳದೇ ಹೆಸರನ್ನು ಪರದೆಯ ಮೇಲೆ ತೋರಿಸುತ್ತೇನೆಂದು ಮಗಳು ಮಾತು ಕೊಟ್ಟು ಕರೆತಂದಿದ್ದಳು.

“ದ್ಯಾಮವ್ವ ಎಂಬ ಅವಳ ಹೆಸರಿನ ಅಕ್ಷರಗಳನ್ನು ಪೋಣಿಸಿ, ಆ ಸರಕ್ಕೆ ಅವ್ವ ಎಂದು ಗುರುತು ಇಟ್ಟೆ. ಕೆಳಗಿನ ಸಾಲಿನಲ್ಲಿ, ಮುದ್ರಿಸು "ಅವ್ವ" ಎಂದು ಬರೆದೆ. ಉದ್ಧರಣ ಚಿಹ್ನೆಗಳನ್ನೂ ಮರೆಯಲಿಲ್ಲ. ಹತ್ತು ಸಲವೂ ಬಂದದ್ದು ಬರೀ ಅವ್ವ! ದ್ಯಾಮವ್ವ ಎಲ್ಲಿ ಹೋದಳು?”

ಗುರುಗಳು ಒಂದು ಕತೆ ಹೇಳಿದರು.

“ಒಂದೂರಿನಲ್ಲಿ ಕೆರೆಯ ಏರಿ ಬಿರಿಯಿತು. ಕೆಳಗಿನ ಕೇರಿಯವರು ಕೂಡಲೇ ದಿಬ್ಬ ಹತ್ತಲಿ ಎಂದು ಗೌಡ ಓಲೆ ಬರೆದ. ಅದನ್ನು ಡಂಗುರದವನ ಕೈಗೆ ಕೊಟ್ಟು, ‘ಗೌಡರ ಓಲೆ ಎಂದು ಸಾರು, ಓಡು’ ಅಂದ. ಡಂಗುರದವನು ಹೇಳಿದ್ದಕ್ಕೆ ಒಂದಕ್ಷರ ಕೂಡಿಸುವವನಲ್ಲ, ಒಂದಕ್ಷರ ಕಳೆಯುವವನೂ ಅಲ್ಲ. ಕೇರಿಗೆ ಓಡಿದ, ತಮಟೆ ಬಾರಿಸಿದ. ‘ಗೌಡರ ಓಲೆ! ಗೌಡರ ಓಲೆ!’

“ಒಬ್ಬ ನೇಕಾರ ಮಗ್ಗ ಬಿಟ್ಟು ಹೊರಗೆ ಬಂದ. ‘ಓಲೆ ಸರಿ ಕಣಯ್ಯಾ, ಅದರೊಳಗೆ ಏನಿದೆ?’

“‘ಅದನ್ನು ಸಾರು ಅಂತ ನನಗೆ ಯಾರೂ ಹೇಳಿಲ್ಲ.’

“‘ಹಾಗಾದರೆ, ಓಲೆ ಇರುವುದು ಗೊತ್ತಾಯಿತು ಅಂತ ನಿನ್ನ ಗೌಡನಿಗೆ ಹೇಳು, ಹೋಗು.’

“ಕೇರಿಯೆಲ್ಲ ನಕ್ಕಿತು. ನೇಕಾರ ತಿರುಗಿ ಮಗ್ಗಕ್ಕೆ ಕೂತ. ನಾಲ್ಕು ಎಳೆ ನೇಯುವಷ್ಟರಲ್ಲಿ ನೀರು ಬಂತು.”

ಶಿಷ್ಯೆ ಧಡಕ್ಕನೆ ಎದ್ದು ನಿಂತಳು. “ಆ ಡಂಗುರದವನನ್ನು ಊರು ಬಿಡಿಸಬೇಕಿತ್ತು!”

“ಗೌಡನೂ ಹಾಗೇ ಕೂಗಾಡಿದ. ಆದರೆ ಅವನು ಓಲೆಯನ್ನು ಸಾರು ಅಂದಿರಲಿಲ್ಲ. ಓಲೆ ಎಂದು ಸಾರು ಅಂದಿದ್ದ.”

ಜಗಲಿಯಿಂದ ಮುದುಕಿಯ ದನಿ ಬಂತು. “ಬಂತೇನೇ ನನ್ನ ಹೆಸರು? ಬಸ್ಸಿನ ಹೊತ್ತಾಯ್ತು.”

ಶಿಷ್ಯೆ ಪರದೆಯತ್ತ ತಿರುಗಿದಳು. ಗುರುಗಳು ಅವಳು ಬರೆದ ಸಾಲಿನ ಉದ್ಧರಣ ಚಿಹ್ನೆಗಳ ಮೇಲೆ ಬೆರಳಿಟ್ಟರು.

“ಇವುಗಳ ನಡುವೆ ಇಟ್ಟ ಮಾತನ್ನು ಯಂತ್ರ ಇದ್ದಂತೆಯೇ ಸಾರುತ್ತದೆ. ಈ ‘ಎಂದು’ ಯಾರದು, ಮಗಳೇ?”